ಹೊಸ ಲೋಕಸಭೆ ಶುರುವಾಗೋದು ಹೇಗೆ? ಹಂಗಾಮಿ ಸ್ಪೀಕರ್, ಸ್ಪೀಕರ್ ಮತ್ತು ಖಾಲಿ ಬಿದ್ದಿರುವ ಉಪ ಸ್ಪೀಕರ್ ಕುರ್ಚಿ

ಕೆಎಎಸ್_ಓದುಗಿ
ಎಲ್ಲರಿಗೂ ನಮಸ್ಕಾರ. ಕೆಎಎಸ್‌ಗೆ ಓದ್ತಾ ಇದ್ದೇನೆ. ಸಂಸತ್ತಿನ ಅಧ್ಯಾಯದಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. 2024ರ ಜೂನ್ 4ಕ್ಕೆ ಫಲಿತಾಂಶ ಬಂತು. 9ಕ್ಕೆ ಪ್ರಧಾನಿ ಪ್ರಮಾಣವಚನ ತಗೊಂಡರು. ಲೋಕಸಭೆ ಸೇರಿದ್ದು ಮಾತ್ರ 24ಕ್ಕೆ. ಹಾಗಾದರೆ ಪ್ರಧಾನಿಯನ್ನು ಸಂಸದರು ಆರಿಸುತ್ತಾರೆ ಅನ್ನೋದು ಯಾವಾಗ, ಎಲ್ಲಿ ನಡೆಯಿತು? ಇನ್ನೊಂದು, ಮೊದಲ ದಿನ ಸ್ಪೀಕರ್ ಕುರ್ಚಿಯಲ್ಲಿ ಭರ್ತೃಹರಿ ಮಹತಾಬ್ ಕೂತಿದ್ದರು. ಅವರನ್ನು ಅಲ್ಲಿ ಕೂರಿಸಿದ್ದು ಯಾರು? ಗೈಡಿನಲ್ಲಿ ಇದಕ್ಕೆ ಎರಡೇ ಸಾಲು ಇದೆ. ಗೊತ್ತಿರುವವರು ಬಿಡಿಸಿ ಹೇಳ್ತೀರಾ?

ಮಂಡ್ಯದ_ಮೇಷ್ಟ್ರು
ಒಳ್ಳೆ ಪ್ರಶ್ನೆ ಕಣಮ್ಮ. ನಾನು ಪಿಯುಸಿಗೆ ರಾಜ್ಯಶಾಸ್ತ್ರ ಹೇಳಿಕೊಡುವವನು. ಮಕ್ಕಳು ಪ್ರತಿ ವರ್ಷ ಎಡವುವುದು ಇಲ್ಲೇ.

ಪ್ರಧಾನಿಯನ್ನು ಲೋಕಸಭೆ ಮತ ಹಾಕಿ ಆರಿಸುವುದಿಲ್ಲ. 75ನೇ ವಿಧಿಯ ಪ್ರಕಾರ ನೇಮಕ ಮಾಡುವವರು ರಾಷ್ಟ್ರಪತಿ. ಆದರೆ ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆ ಅಂತ ಅದೇ ವಿಧಿ ಹೇಳುತ್ತದೆ. ಹಾಗಾಗಿ ಸದನದಲ್ಲಿ ಬಹುಮತ ತೋರಿಸಬಲ್ಲವರನ್ನೇ ರಾಷ್ಟ್ರಪತಿ ಕರೆಯಬೇಕಾಗುತ್ತದೆ. 2024ರಲ್ಲಿ ಬಿಜೆಪಿಗೆ 240 ಸೀಟು ಬಂತು. ಬೇಕಿದ್ದದ್ದು 272. ಎನ್‌ಡಿಎ ಸೇರಿದರೆ 293. ಜೂನ್ 5ಕ್ಕೆ ಹಳೇ ಸಂಪುಟದ ಶಿಫಾರಸಿನ ಮೇಲೆ 17ನೇ ಲೋಕಸಭೆ ವಿಸರ್ಜನೆ ಆಯಿತು. 6ಕ್ಕೆ ಚುನಾವಣಾ ಆಯೋಗದವರು ಗೆದ್ದವರ ಪಟ್ಟಿಯನ್ನು ರಾಷ್ಟ್ರಪತಿ ಕೈಗೆ ಕೊಟ್ಟರು. 7ಕ್ಕೆ ಹಳೇ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿ ಎನ್‌ಡಿಎ ಸಂಸದರು ಸೇರಿ ಮೋದಿಯವರನ್ನು ನಾಯಕನಾಗಿ ಆರಿಸಿದರು. ನೀವು ಕೇಳಿದ "ಸಂಸದರು ಆರಿಸುವುದು" ನಡೆದದ್ದು ಅಲ್ಲಿ. ಅದು ಮೈತ್ರಿಕೂಟದ ಸಭೆ, ಲೋಕಸಭೆಯ ಸಭೆ ಅಲ್ಲ.

ಪ್ರಧಾನಿಯಾಗುವ ದಿನ ಸಂಸದರೇ ಆಗಿರಬೇಕು ಅಂತಲೂ ಇಲ್ಲ. ಆರು ತಿಂಗಳೊಳಗೆ ಆದರೆ ಸಾಕು. ನಮ್ಮ ದೇವೇಗೌಡರು ಇದಕ್ಕೆ ಉದಾಹರಣೆ. 1996ರಲ್ಲಿ 161 ಸೀಟಿನ ಬಿಜೆಪಿಯೇ ದೊಡ್ಡ ಪಕ್ಷ ಅಂತ ರಾಷ್ಟ್ರಪತಿ ಶಂಕರ ದಯಾಳ್ ಶರ್ಮ ಮೊದಲು ವಾಜಪೇಯಿಯವರನ್ನು ಕರೆದರು. ಆ ಸರ್ಕಾರ 13 ದಿನಕ್ಕೆ ಬಿತ್ತು. ಆಮೇಲೆ ಜೂನ್ 1ಕ್ಕೆ ದೇವೇಗೌಡರು ಪ್ರಧಾನಿಯಾದರು. ಕರ್ನಾಟಕದ ಮುಖ್ಯಮಂತ್ರಿ ಕುರ್ಚಿಯಿಂದ ನೇರ ದೆಹಲಿಗೆ ಹೋದವರು ಅವರು. ಸಂಸತ್ತಿನ ಯಾವ ಸದನದಲ್ಲೂ ಸದಸ್ಯರಾಗಿರಲಿಲ್ಲ. ರಾಜ್ಯಸಭೆಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ.

ಲೋಕಸಭೆಯ ಐದು ವರ್ಷ ಲೆಕ್ಕ ಹಾಕುವುದು ಮೊದಲ ಸಭೆಯ ದಿನದಿಂದ. ಫಲಿತಾಂಶದ ದಿನದಿಂದ ಅಲ್ಲ. ಪರೀಕ್ಷೆಯಲ್ಲಿ ಇದನ್ನು ಕೇಳ್ತಾರೆ, ಬರೆದಿಟ್ಟುಕೊಳ್ಳಿ.

ವಕೀಲ_ಧಾರವಾಡ
ಮಾಸ್ತರು ಪ್ರಧಾನಿ ಭಾಗ ಹೇಳಿದರು. ನಾನು ಕುರ್ಚಿ ಭಾಗ ಹೇಳ್ತೀನಿ.

ಲೋಕಸಭೆ ವಿಸರ್ಜನೆ ಆದರೂ ಸ್ಪೀಕರ್ ಹುದ್ದೆ ಕೂಡಲೇ ಹೋಗುವುದಿಲ್ಲ. ಹೊಸ ಸದನದ ಮೊದಲ ಸಭೆಗೆ ಸ್ವಲ್ಪ ಮುಂಚಿನವರೆಗೂ ಅವರೇ ಸ್ಪೀಕರ್. ಇದು 94ನೇ ವಿಧಿಯಲ್ಲಿದೆ. ಉಪ ಸ್ಪೀಕರ್‌ಗೆ ಈ ರಿಯಾಯಿತಿ ಇಲ್ಲ. ಅವರ ಹುದ್ದೆ ವಿಸರ್ಜನೆಯ ಜೊತೆಗೇ ಹೋಗುತ್ತದೆ. ಹಾಗಾಗಿ ಮೊದಲ ಸಭೆ ಶುರುವಾಗುವ ಹೊತ್ತಿಗೆ ಎರಡೂ ಕುರ್ಚಿ ಖಾಲಿ. ಆಗ 95(1)ನೇ ವಿಧಿ ಕೆಲಸಕ್ಕೆ ಬರುತ್ತದೆ. ರಾಷ್ಟ್ರಪತಿ ಸದಸ್ಯರಲ್ಲೇ ಒಬ್ಬರನ್ನು ನೇಮಿಸುತ್ತಾರೆ. ಅವರೇ ಹಂಗಾಮಿ ಸ್ಪೀಕರ್. ಅವರ ಮುಖ್ಯ ಕೆಲಸ ಎರಡು: ಸದಸ್ಯರಿಂದ ಪ್ರಮಾಣವಚನ ಮಾಡಿಸುವುದು, ಸ್ಪೀಕರ್ ಚುನಾವಣೆ ನಡೆಸುವುದು.

ಪ್ರಮಾಣವಚನ ಬರೀ ಶಾಸ್ತ್ರ ಅಂತ ತಿಳಿಯಬೇಡಿ. ಅದು ಆಗದೆ ಸದನದಲ್ಲಿ ಕೂತರೆ ಅಥವಾ ಮತ ಹಾಕಿದರೆ 104ನೇ ವಿಧಿ ದಿನಕ್ಕೆ 500 ರೂಪಾಯಿ ದಂಡ ಹೇಳುತ್ತದೆ. ಜೈಲಿನಲ್ಲಿದ್ದ ಅಮೃತ್‌ಪಾಲ್ ಸಿಂಗ್ ಮತ್ತು ಎಂಜಿನಿಯರ್ ರಶೀದ್ ಅವರನ್ನು ಜುಲೈ 5ಕ್ಕೆ ಕರೆತಂದು ಪ್ರಮಾಣವಚನ ಮಾಡಿಸಿದ್ದು ನೆನಪಿರಬಹುದು. ಜನ ಮತ ಕೊಟ್ಟಿದ್ದರೂ ಅಲ್ಲಿಯವರೆಗೆ ಅವರ ಸೀಟಿಗೆ ದನಿ ಇರಲಿಲ್ಲ.

ಬೀದರ್_ಹುಡುಗ
ಕರ್ನಾಟಕದ ಹಲವರು ಕನ್ನಡದಲ್ಲೇ ಪ್ರಮಾಣವಚನ ತಗೊಂಡರು. ಕೇಳಿ ಖುಷಿ ಆಯಿತು. ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ತಗೋಬಹುದು ಅಲ್ವಾ?

ವಕೀಲ_ಧಾರವಾಡ
ಹೌದು, ತಗೋಬಹುದು. ಆದರೆ ಆ ಸಲ ಕೆಲವರು ಕೊನೆಯಲ್ಲಿ ಘೋಷಣೆ ಸೇರಿಸಿದರು ಅಂತ ಗಲಾಟೆ ಆಯಿತು. ಆಮೇಲೆ ಸ್ಪೀಕರ್ ನಿರ್ದೇಶನ ತಿದ್ದಿದರು. ಈಗ ಹಿಂದೆ ಮುಂದೆ ಒಂದು ಪದವನ್ನೂ ಸೇರಿಸುವ ಹಾಗಿಲ್ಲ.

ಕರಾವಳಿ_ಓದುಗ
ಮಹತಾಬ್ ನೇಮಕದ ಬಗ್ಗೆ ತಕರಾರು ಎದ್ದಿತ್ತಲ್ಲ, ಅದನ್ನು ಯಾರೂ ಹೇಳಲಿಲ್ಲ. ಅತಿ ಹಿರಿಯರನ್ನು ಹಂಗಾಮಿ ಸ್ಪೀಕರ್ ಮಾಡುವುದು ರೂಢಿ. ಕೇರಳದ ಮಾವೇಲಿಕ್ಕರದ ಕಾಂಗ್ರೆಸ್ ಸಂಸದ ಕೊಡಿಕುನ್ನಿಲ್ ಸುರೇಶ್ ಎಂಟು ಸಲ ಗೆದ್ದವರು. ಕಟಕ್‌ನ ಮಹತಾಬ್ ಏಳು ಸಲ. ಸುರೇಶ್ ನಡುವೆ 1998 ಮತ್ತು 2004ರಲ್ಲಿ ಸೋತಿದ್ದಾರೆ, ಮಹತಾಬ್ ಸತತವಾಗಿ ಗೆದ್ದಿದ್ದಾರೆ ಅಂತ ಸರ್ಕಾರ ಸಮರ್ಥನೆ ಕೊಟ್ಟಿತು. ಹಾಗೆ ನೋಡಿದರೆ ನಮ್ಮ ವಿಜಯಪುರದ ರಮೇಶ ಜಿಗಜಿಣಗಿ? 1998ರಿಂದ ಒಮ್ಮೆಯೂ ಸೋತಿಲ್ಲ. ಮೊದಲು ಚಿಕ್ಕೋಡಿ, ಆಮೇಲೆ ವಿಜಯಪುರ. ಅವರದೂ ಸತತ ಏಳು, ಅದೂ ಬಿಜೆಪಿಯವರೇ. ಮಹತಾಬ್ ಬಿಜೆಡಿ ಬಿಟ್ಟು ಬಿಜೆಪಿಗೆ ಬಂದದ್ದು ಚುನಾವಣೆಗೆ ಸ್ವಲ್ಪ ಮುಂಚೆ, 2024ರ ಮಾರ್ಚ್‌ನಲ್ಲಿ. ಸುರೇಶ್ ದಲಿತರು, ಜಿಗಜಿಣಗಿಯವರೂ ದಲಿತರು. ಆಗ ಕಾಂಗ್ರೆಸ್ ಈ ಪ್ರಶ್ನೆ ಎತ್ತಿತ್ತು. ಉತ್ತರ ಬರಲೇ ಇಲ್ಲ ಅನ್ನೋದು ನನ್ನ ಬೇಜಾರು.

ಮಂಡ್ಯದ_ಮೇಷ್ಟ್ರು
2014ರಲ್ಲಿ ಇದೇ ಮೋದಿ ಸರ್ಕಾರ ಕಾಂಗ್ರೆಸ್‌ನ ಕಮಲ್‌ನಾಥ್ ಅವರನ್ನೇ ಹಂಗಾಮಿ ಸ್ಪೀಕರ್ ಮಾಡಿತ್ತು. ರೂಢಿ ಪಕ್ಷ ನೋಡುತ್ತಿರಲಿಲ್ಲ ಅನ್ನುವುದಕ್ಕೆ ಅದು ಸಾಕ್ಷಿ. ಎರಡು ದಿನದ ಕೆಲಸಕ್ಕೆ ಅದನ್ನು ಮುರಿಯುವ ಅಗತ್ಯ ಇರಲಿಲ್ಲ ಅಂತ ನನಗೂ ಅನಿಸುತ್ತದೆ. ಪ್ರಮಾಣವಚನಕ್ಕೆ ನೆರವಾಗಲು ಐದು ಜನರನ್ನು ಹೆಸರಿಸಿದ್ದರು. ಅದರಲ್ಲಿದ್ದ ವಿರೋಧ ಪಕ್ಷದ ಮೂವರು ಕುರ್ಚಿಗೇ ಹೋಗಲಿಲ್ಲ. ಹೊಸ ಸದನದ ಮೊದಲ ಗಂಟೆಯೇ ಹಾಗೆ ಶುರುವಾಯಿತು.

ನಿಷ್ಪಕ್ಷ_ಬೆಂಗಳೂರು
ಸ್ವಲ್ಪ ತಡೆಯಿರಿ. ಇದು ಕಾನೂನು ಅಲ್ಲ, ಬರೀ ರೂಢಿ. 2018ರಲ್ಲಿ ನಮ್ಮ ವಿಧಾನಸಭೆಯಲ್ಲೇ ಆಗಿದೆ. ಹಿರಿಯರಾದ ಆರ್.ವಿ. ದೇಶಪಾಂಡೆಯವರನ್ನು ಬಿಟ್ಟು ರಾಜ್ಯಪಾಲರು ಕೆ.ಜಿ. ಬೋಪಯ್ಯ ಅವರನ್ನು ನೇಮಿಸಿದರು. ಸುಪ್ರೀಂ ಕೋರ್ಟಿಗೆ ಹೋದರೂ ನೇಮಕ ರದ್ದಾಗಲಿಲ್ಲ. ಎರಡು ದಿನದ ಹುದ್ದೆಗೆ ಇಷ್ಟು ಚರ್ಚೆ ಜಾಸ್ತಿ ಆಯಿತು.

ವಕೀಲ_ಧಾರವಾಡ
ರದ್ದಾಗಲಿಲ್ಲ, ನಿಜ. ಆದರೆ ಇಡೀ ಕಲಾಪ ಟಿವಿಯಲ್ಲಿ ನೇರ ಪ್ರಸಾರ ಆಗುವ ಏರ್ಪಾಡು ಆಯಿತು. ವಿಶ್ವಾಸಮತದ ದಿನ ಆ ಕುರ್ಚಿಯಲ್ಲಿ ಯಾರಿದ್ದಾರೆ ಅನ್ನೋದು ಸರ್ಕಾರದ ಆಯುಷ್ಯವನ್ನೇ ತೀರ್ಮಾನಿಸಬಹುದು. 2018ರ ಮೇ 19ಕ್ಕೆ ಯಡಿಯೂರಪ್ಪನವರು ಮತಕ್ಕೆ ಹಾಕುವ ಮುಂಚೆಯೇ ರಾಜೀನಾಮೆ ಕೊಟ್ಟರು. ನಾಡಿನ ಜನ ಎಲ್ಲ ನೋಡುತ್ತಿದ್ದರು.

ಕೆಎಎಸ್_ಓದುಗಿ
ಸರ್, ಸ್ಪೀಕರ್ ಚುನಾವಣೆ ಬಗ್ಗೆಯೂ ಹೇಳಿ. ಓಂ ಬಿರ್ಲಾ, ಸುರೇಶ್ ಇಬ್ಬರೂ ಸ್ಪರ್ಧಿಸಿದ್ದರು. ಆದರೆ ಮತ ಎಣಿಕೆಯೇ ಆಗಲಿಲ್ಲ. ಸುರೇಶ್‌ಗೆ ಎಷ್ಟು ಮತ ಬಂತು?

ವಕೀಲ_ಧಾರವಾಡ
ಸುರೇಶ್ ಅವರ ಹೆಸರು ಮತಕ್ಕೇ ಬರಲಿಲ್ಲ. ಇದನ್ನು ಬಹಳ ಜನ ಗಮನಿಸಿಲ್ಲ.

ಇಲ್ಲಿ ಬ್ಯಾಲೆಟ್ ಪೇಪರ್ ಇಲ್ಲ. "ಇಂಥವರನ್ನು ಸ್ಪೀಕರ್ ಆಗಿ ಆರಿಸಬೇಕು" ಅಂತ ಒಬ್ಬ ಸದಸ್ಯ ನಿರ್ಣಯ ಕೊಡುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಚುನಾವಣೆಯ ಹಿಂದಿನ ದಿನ ಮಧ್ಯಾಹ್ನ 12ರೊಳಗೆ ನೋಟಿಸ್ ಕೊಡಬೇಕು. ಮಂಡಿಸಿದ ನಿರ್ಣಯಗಳನ್ನು ಒಂದೊಂದಾಗಿ ಮತಕ್ಕೆ ಹಾಕುತ್ತಾರೆ. ಒಂದು ಪಾಸಾದರೆ ಉಳಿದವನ್ನು ಮತಕ್ಕೆ ಹಾಕುವುದೇ ಇಲ್ಲ. 2024ರ ಜೂನ್ 26ಕ್ಕೆ ಮೋದಿ ಮಂಡಿಸಿ ರಾಜನಾಥ್ ಸಿಂಗ್ ಅನುಮೋದಿಸಿದ ನಿರ್ಣಯ ಮೊದಲು ಬಂತು. ಧ್ವನಿಮತದಲ್ಲಿ ಪಾಸಾಯಿತು. ಅರವಿಂದ್ ಸಾವಂತ್ ಮಂಡಿಸಿ ಎನ್.ಕೆ. ಪ್ರೇಮಚಂದ್ರನ್ ಅನುಮೋದಿಸಿದ ಸುರೇಶ್ ಪರ ನಿರ್ಣಯದ ಪಾಳಿ ಬರಲೇ ಇಲ್ಲ. ಮತ ವಿಭಜನೆ, ಅಂದರೆ ಪರ ವಿರೋಧ ಮತಗಳ ಎಣಿಕೆ, ಬೇಕು ಅಂತ ಕಾಂಗ್ರೆಸ್ ಪಟ್ಟು ಹಿಡಿಯಲಿಲ್ಲ. ಆಮೇಲೆ ಮೋದಿ, ರಾಹುಲ್ ಗಾಂಧಿ, ಕಿರಣ್ ರಿಜಿಜು ಮೂವರೂ ಸೇರಿ ಬಿರ್ಲಾ ಅವರನ್ನು ಕುರ್ಚಿಯವರೆಗೆ ಕರೆದೊಯ್ದರು.

ಲೆಕ್ಕ ಸಿಗುವ ಚುನಾವಣೆಗಳು ಹಿಂದೆ ನಡೆದಿವೆ. 1952ರಲ್ಲಿ ಮಾವಳಂಕರ್‌ಗೆ 394, ಎದುರಾಳಿ ಶಂಕರ ಶಾಂತಾರಾಮ್ ಮೋರೆಗೆ 55. 1967ರಲ್ಲಿ ನೀಲಂ ಸಂಜೀವ ರೆಡ್ಡಿಗೆ 278, ತೆನ್ನೇಟಿ ವಿಶ್ವನಾಥಂಗೆ 207. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಬಿ.ಆರ್. ಭಗತ್‌ಗೆ 344, ಜಗನ್ನಾಥರಾವ್ ಜೋಶಿಯವರಿಗೆ 58. ಜೋಶಿಯವರು ನಮ್ಮ ನರಗುಂದದವರು, ಮಧ್ಯಪ್ರದೇಶದಿಂದ ಜನಸಂಘದ ಸಂಸದರಾಗಿದ್ದರು. ಗೆಲ್ಲುವುದಿಲ್ಲ ಅಂತ ಗೊತ್ತಿದ್ದೂ ಅಂಥ ಕಾಲದಲ್ಲಿ ಎದುರು ನಿಂತರು. ಆ 58 ಸಂಖ್ಯೆ ದಾಖಲೆಯಲ್ಲಿ ಉಳಿದಿದೆ. ನನ್ನ ಮಟ್ಟಿಗೆ ಮತ ವಿಭಜನೆ ಕೇಳಬೇಕಾದ್ದು ಇದಕ್ಕೇ. ಸೋಲು ಖಚಿತ ಇದ್ದರೂ ಯಾರು ಯಾವ ಕಡೆ ನಿಂತರು ಅನ್ನೋದು ಜನಕ್ಕೆ ಗೊತ್ತಾಗಬೇಕು.

ಕರಾವಳಿ_ಓದುಗ
ಸ್ಪೀಕರ್ ಅಂದಾಗ ಕೌಡೂರು ಸದಾನಂದ ಹೆಗ್ಡೆಯವರ ಹೆಸರು ಬರಲೇಬೇಕು. ಕಾರ್ಕಳದ ಕಡೆಯವರು. 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹಿರಿಯರಾದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. 1977ರಲ್ಲಿ ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಗೆದ್ದರು. ಸಂಜೀವ ರೆಡ್ಡಿ ರಾಷ್ಟ್ರಪತಿಯಾದ ಮೇಲೆ ಲೋಕಸಭೆಯ ಸ್ಪೀಕರ್ ಆದರು. ಹಿರಿತನವನ್ನು ಮೀರಿದರೆ ಏನಾಗುತ್ತದೆ ಅಂತ ಅನುಭವಿಸಿದವರೇ ಆ ಕುರ್ಚಿಗೆ ಬಂದರು.

ತುಮಕೂರಿನವಳು
ನಮ್ಮ ಊರಿನವರನ್ನೂ ಸೇರಿಸಿಕೊಳ್ಳಿ! ಎಸ್. ಮಲ್ಲಿಕಾರ್ಜುನಯ್ಯ, ತುಮಕೂರಿನ ಬಿಜೆಪಿ ಸಂಸದರು. 1991ರಿಂದ 96ರವರೆಗೆ ಲೋಕಸಭೆಯ ಉಪ ಸ್ಪೀಕರ್. ಆಗ ಇದ್ದದ್ದು ನರಸಿಂಹ ರಾವ್ ಅವರ ಕಾಂಗ್ರೆಸ್ ಸರ್ಕಾರ. ಅಂದರೆ ವಿರೋಧ ಪಕ್ಷದವರಿಗೆ ಆ ಹುದ್ದೆ ಕೊಟ್ಟಿದ್ದರು. ಈಗ ಆ ಹುದ್ದೆಯಲ್ಲಿ ಯಾರಿದ್ದಾರೆ?

ವಕೀಲ_ಧಾರವಾಡ
ಯಾರೂ ಇಲ್ಲ ಮೇಡಂ. ಈ ಚರ್ಚೆಯಲ್ಲಿ ನಾನು ಹೇಳಬೇಕು ಅಂತ ಬಂದದ್ದೇ ಇದನ್ನು.

93ನೇ ವಿಧಿ ಓದಿ. ಸದನ "ಸಾಧ್ಯವಾದಷ್ಟು ಬೇಗ" ಇಬ್ಬರು ಸದಸ್ಯರನ್ನು ಸ್ಪೀಕರ್ ಮತ್ತು ಉಪ ಸ್ಪೀಕರ್ ಆಗಿ ಆರಿಸಬೇಕು ಅನ್ನುತ್ತದೆ. ಎರಡೂ ಹುದ್ದೆ ಒಂದೇ ವಾಕ್ಯದಲ್ಲಿ ಇವೆ. ಆದರೂ 17ನೇ ಲೋಕಸಭೆ 2019ರಿಂದ 2024ರವರೆಗೆ ಪೂರ್ತಿ ಅವಧಿಯನ್ನು ಉಪ ಸ್ಪೀಕರ್ ಇಲ್ಲದೆ ಮುಗಿಸಿತು. ಹಿಂದೆ ಯಾವ ಲೋಕಸಭೆಯಲ್ಲೂ ಹೀಗೆ ಆಗಿರಲಿಲ್ಲ. 18ನೇ ಲೋಕಸಭೆಗೆ ಒಂದು ವರ್ಷ ತುಂಬಿದಾಗಲೂ ಖಾಲಿಯೇ ಇತ್ತು. 2025ರ ಜೂನ್‌ನಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಪ್ರಧಾನಿಗೆ ಪತ್ರ ಬರೆದು ಕೇಳಿದರು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೇಂದ್ರಕ್ಕೂ ಐದು ರಾಜ್ಯಗಳಿಗೂ ಇದೇ ವಿಷಯದಲ್ಲಿ ನೋಟಿಸ್ ಕೊಟ್ಟಿತ್ತು.

ಇಲ್ಲಿ ಒಂದು ಸಂದು ಇದೆ. ಸ್ಪೀಕರ್ ಚುನಾವಣೆಯ ದಿನವನ್ನು ನಿಗದಿ ಮಾಡುವವರು ರಾಷ್ಟ್ರಪತಿ. ಅದು ಲೋಕಸಭೆಯ 7ನೇ ನಿಯಮ. ಉಪ ಸ್ಪೀಕರ್ ಚುನಾವಣೆಯ ದಿನ ನಿಗದಿ ಮಾಡುವವರು ಸ್ಪೀಕರ್. ಅದು 8ನೇ ನಿಯಮ. ಇಷ್ಟು ದಿನದೊಳಗೆ ಅಂತ ಎಲ್ಲೂ ಇಲ್ಲ. ಸ್ಪೀಕರ್ ದಿನ ನಿಗದಿ ಮಾಡದಿದ್ದರೆ ಚುನಾವಣೆ ಇಲ್ಲ. ಅಷ್ಟೇ.

2024ರಲ್ಲಿ ಸ್ಪೀಕರ್ ಚುನಾವಣೆಗೆ ಸ್ಪರ್ಧೆ ಆದದ್ದೇ ಇದರಿಂದ. ರಾಜನಾಥ್ ಸಿಂಗ್ ಅವರು ಖರ್ಗೆಯವರ ಜೊತೆ ಮಾತಾಡಿದ್ದರು. ಉಪ ಸ್ಪೀಕರ್ ಹುದ್ದೆ ನಮಗೆ ಕೊಟ್ಟರೆ ನಿಮ್ಮ ಸ್ಪೀಕರ್‌ಗೆ ಒಪ್ಪುತ್ತೇವೆ ಅಂತ ವಿರೋಧ ಪಕ್ಷದವರು ಹೇಳಿದರು. ಮಾತು ಸಿಗಲಿಲ್ಲ. ಸುರೇಶ್ ನಾಮಪತ್ರ ಹಾಕಿದರು.

ನಿಷ್ಪಕ್ಷ_ಬೆಂಗಳೂರು
ವಕೀಲರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ವಿರೋಧ ಪಕ್ಷಕ್ಕೇ ಕೊಡಬೇಕು ಅಂತ ಸಂವಿಧಾನ ಎಲ್ಲೂ ಹೇಳಿಲ್ಲ. ಮೊದಲ ಉಪ ಸ್ಪೀಕರ್ ಅನಂತಶಯನಂ ಅಯ್ಯಂಗಾರ್ ಆಡಳಿತ ಪಕ್ಷದವರೇ. ಇನ್ನು ಕೆಲಸದ ವಿಷಯ. ಸ್ಪೀಕರ್ ಇಲ್ಲದಾಗ ಸಭಾಪತಿಗಳ ಪಟ್ಟಿಯಿಂದ ಒಬ್ಬರು ಕೂತು ಸದನ ನಡೆಸುತ್ತಾರೆ. ಹತ್ತು ಜನರವರೆಗೆ ಅದರಲ್ಲಿ ಇರಬಹುದು. ಆ ಐದು ವರ್ಷ ಮಸೂದೆ ಪಾಸಾದವು, ಬಜೆಟ್ ಪಾಸಾಯಿತು. ಯಾವ ಕೆಲಸ ನಿಂತಿತು, ಹೇಳಿ?

ವಕೀಲ_ಧಾರವಾಡ
ನ್ಯಾಯವಾದ ಪ್ರಶ್ನೆ. ಎರಡು ಭಾಗ ಮಾಡ್ತೀನಿ.

ವಿರೋಧ ಪಕ್ಷಕ್ಕೇ ಕೊಡಬೇಕು ಅನ್ನೋದು ರೂಢಿ, ಒಪ್ಪಿದೆ. ಆದರೆ ಆರಿಸಲೇಬೇಕು ಅನ್ನೋದು ರೂಢಿ ಅಲ್ಲ, ಸಂವಿಧಾನದ ಮಾತು. ವಿರೋಧ ಪಕ್ಷಕ್ಕೆ ಬೇಡ ಅಂದರೆ ತಮ್ಮವರನ್ನೇ ಆರಿಸಲಿ. ಬಹುಮತ ಇದೆಯಲ್ಲ. ಹುದ್ದೆಯನ್ನು ಖಾಲಿ ಇಡುವ ಆಯ್ಕೆ ಮಾತ್ರ ಯಾರಿಗೂ ಕೊಟ್ಟಿಲ್ಲ.

ಎರಡನೆಯದು. ಪಟ್ಟಿಯಲ್ಲಿರುವ ಸಭಾಪತಿ ಸ್ಪೀಕರ್ ಊಟಕ್ಕೆ ಎದ್ದು ಹೋದಾಗ ಕೂರಬಹುದು. ಸ್ಪೀಕರ್ ಹುದ್ದೆಯೇ ಖಾಲಿಯಾದರೆ ಕೂರುವ ಹಾಗಿಲ್ಲ. 2002ರ ಮಾರ್ಚ್ 3ಕ್ಕೆ ಸ್ಪೀಕರ್ ಬಾಲಯೋಗಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಬಜೆಟ್ ಅಧಿವೇಶನದ ಸಮಯ ಅದು. ಉಪ ಸ್ಪೀಕರ್ ಪಿ.ಎಂ. ಸಯೀದ್ ಸ್ಪೀಕರ್ ಕೆಲಸ ವಹಿಸಿಕೊಂಡರು. ಮೇ 10ಕ್ಕೆ ಮನೋಹರ್ ಜೋಶಿ ಆಯ್ಕೆಯಾಗುವವರೆಗೆ, ಎರಡು ತಿಂಗಳಿಗೂ ಜಾಸ್ತಿ, ಅವರೇ ನಡೆಸಿದರು. ಸಯೀದ್ ಕಾಂಗ್ರೆಸ್‌ನವರು, ಸರ್ಕಾರ ವಾಜಪೇಯಿಯವರದು. ಯಾವ ಗದ್ದಲವೂ ಆಗಲಿಲ್ಲ. 1956ರಲ್ಲಿ ಮಾವಳಂಕರ್ ತೀರಿಕೊಂಡಾಗ ಅಯ್ಯಂಗಾರ್ ಹೀಗೇ ಕೈ ಹಿಡಿದರು, ಆಮೇಲೆ ಅವರೇ ಸ್ಪೀಕರ್ ಆದರು.

ಇವತ್ತು ಹಾಗೇನಾದರೂ ಆದರೆ 95ನೇ ವಿಧಿಯಂತೆ ರಾಷ್ಟ್ರಪತಿ ಒಬ್ಬರನ್ನು ನೇಮಿಸಬೇಕು. ರಾಷ್ಟ್ರಪತಿ ಸಂಪುಟದ ಸಲಹೆಯಂತೆ ನಡೆಯುವವರು. ಅಂದರೆ ಸದನ ತಾನೇ ಆರಿಸಿದ ವ್ಯಕ್ತಿಯ ಜಾಗದಲ್ಲಿ ಸರ್ಕಾರ ಆರಿಸಿದ ವ್ಯಕ್ತಿ ಬರುತ್ತಾರೆ. ಪಕ್ಷಾಂತರ ಮಾಡಿದವರ ಸದಸ್ಯತ್ವ ತೀರ್ಮಾನಿಸುವ ಕುರ್ಚಿ ಅದು. ಒಂದು ಮಸೂದೆ ಹಣಕಾಸು ಮಸೂದೆಯೋ ಅಲ್ಲವೋ ಅಂತ ಕೊನೆಯ ಮಾತು ಹೇಳುವ ಕುರ್ಚಿ ಅದು. 2019ರಲ್ಲಿ ನಮ್ಮ ವಿಧಾನಸಭೆಯಲ್ಲಿ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದಾಗ ಆ ಕುರ್ಚಿಯ ಬಲ ಏನು ಅಂತ ಕರ್ನಾಟಕ ಕಣ್ಣಾರೆ ನೋಡಿದೆ.

ಬೀದರ್_ಹುಡುಗ
ಇಷ್ಟು ಸ್ಪಷ್ಟವಾಗಿ ಇದನ್ನು ಯಾರೂ ಹೇಳಿರಲಿಲ್ಲ.

ಲೀಡ್ಸ್_ಕನ್ನಡಿಗ
ಇಲ್ಲಿ ಬ್ರಿಟನ್‌ನಲ್ಲಿ ಹೇಗೆ ಅಂತ ಹೇಳ್ತೀನಿ, ಹೋಲಿಸಿ ನೋಡಲು ಅನುಕೂಲ. 2024ರ ಜುಲೈ 4ಕ್ಕೆ ಚುನಾವಣೆ. 9ಕ್ಕೆ ಕಾಮನ್ಸ್, ಅಂದರೆ ಇಲ್ಲಿನ ಸಂಸತ್ತಿನ ಕೆಳಮನೆ, ಸೇರಿತು. ಆಗ ಸಭೆ ನಡೆಸಿದ್ದು ಎಡ್ವರ್ಡ್ ಲೀ. ಅತಿ ಹೆಚ್ಚು ಕಾಲ ಸತತವಾಗಿ ಸಂಸದರಾಗಿರುವವರಿಗೆ ಆ ಕೆಲಸ ತಾನಾಗಿಯೇ ಬರುತ್ತದೆ. ಸರ್ಕಾರ ನೇಮಿಸುವುದಿಲ್ಲ. ಅವರು ಕನ್ಸರ್ವೇಟಿವ್, ಗೆದ್ದದ್ದು ಲೇಬರ್. ಯಾರೂ ತಕರಾರು ಮಾಡಲಿಲ್ಲ. ಲಿಂಡ್ಸೆ ಹೋಯ್ಲ್ ಮತ್ತೆ ಸ್ಪೀಕರ್ ಆದರು. ಜುಲೈ 23ಕ್ಕೆ ಮೂವರು ಉಪ ಸ್ಪೀಕರ್‌ಗಳು ಗುಪ್ತ ಮತದಾನದಲ್ಲಿ ಆಯ್ಕೆಯಾದರು. ಸ್ಪೀಕರ್ ಯಾವ ಕಡೆಯಿಂದ ಬಂದಿದ್ದಾರೋ ಅದರ ಎದುರು ಕಡೆಯ ಇಬ್ಬರು ಇರಲೇಬೇಕು. ಹೋಯ್ಲ್ ಲೇಬರ್ ಕಡೆಯಿಂದ ಬಂದವರು. ಹಾಗಾಗಿ ನುಸ್ರತ್ ಘನಿ, ಕ್ಯಾರೊಲಿನ್ ನೋಕ್ಸ್ ಇಬ್ಬರು ಕನ್ಸರ್ವೇಟಿವ್, ಜೂಡಿತ್ ಕಮಿನ್ಸ್ ಒಬ್ಬರು ಲೇಬರ್. ಲೇಬರ್‌ಗೆ ಅಷ್ಟು ದೊಡ್ಡ ಬಹುಮತ ಇದ್ದರೂ ಈ ನಿಯಮ ಅಲುಗಾಡಲಿಲ್ಲ.

ಮಂಡ್ಯದ_ಮೇಷ್ಟ್ರು
ಸತತ ಸೇವೆಯ ಲೆಕ್ಕ ಅಲ್ಲಿಯೂ ಇದೆ ನೋಡಿ. ಅಂದರೆ ಆ ಅಳತೆಗೋಲು ತಪ್ಪಲ್ಲ. ಮೊದಲೇ ಬರೆದಿಟ್ಟರೆ ಜಗಳ ಇಲ್ಲ. ಹೆಸರು ಆರಿಸಿದ ಮೇಲೆ ಅಳತೆಗೋಲು ಹುಡುಕಿದರೆ ಅನುಮಾನ ಬರುತ್ತದೆ. ನಮ್ಮಲ್ಲಿಯೂ ನಿಯಮಾವಳಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

ತುಮಕೂರಿನವಳು
1990ರ ನಂತರದ ಉಪ ಸ್ಪೀಕರ್‌ಗಳ ಪಟ್ಟಿ ನೋಡಿದೆ. ಶಿವರಾಜ್ ಪಾಟೀಲ್, ಮಲ್ಲಿಕಾರ್ಜುನಯ್ಯ, ಸೂರಜ್ ಭಾನ್, ಸಯೀದ್, ಚರಣ್‌ಜಿತ್ ಸಿಂಗ್ ಅತ್ವಾಲ್, ಕರಿಯಾ ಮುಂಡಾ, ತಂಬಿದೊರೈ. ಒಬ್ಬರೂ ಆಗಿನ ಆಡಳಿತ ಪಕ್ಷದವರಲ್ಲ. ಕಾಂಗ್ರೆಸ್ ಬಿಜೆಪಿಗೆ ಕೊಟ್ಟಿದೆ, ಬಿಜೆಪಿ ಕಾಂಗ್ರೆಸ್‌ಗೆ ಕೊಟ್ಟಿದೆ. 2014ರಲ್ಲಿ ಬಿಜೆಪಿಗೆ ಒಂಟಿಯಾಗಿಯೇ ಬಹುಮತ ಇದ್ದಾಗಲೂ ಅಣ್ಣಾ ಡಿಎಂಕೆಯ ತಂಬಿದೊರೈ ಆಯ್ಕೆಯಾದರು. ಮೂವತ್ತು ವರ್ಷ ಎಲ್ಲರೂ ಪಾಲಿಸಿದ್ದು 2019ರಲ್ಲಿ ಯಾಕೆ ಭಾರವಾಯಿತು?

ನಿಷ್ಪಕ್ಷ_ಬೆಂಗಳೂರು
ಸ್ಪೀಕರ್ ಹುದ್ದೆಯೇ ಖಾಲಿಯಾದರೆ ಅನ್ನುವ ವಾದ ಗಟ್ಟಿಯಾಗಿದೆ. ಆದರೆ "ಸ್ಪೀಕರ್‌ಗೆ ಒಪ್ಪಬೇಕಾದರೆ ಉಪ ಸ್ಪೀಕರ್ ಕೊಡಿ" ಅಂತ ವಿರೋಧ ಪಕ್ಷ ಷರತ್ತು ಹಾಕಿದ್ದೂ ನನಗೆ ಸರಿ ಕಾಣಲಿಲ್ಲ. ಸ್ಪೀಕರ್ ಇಡೀ ಸದನಕ್ಕೆ ಸೇರಿದವರು. ಅವರ ಆಯ್ಕೆಯಲ್ಲಿ ಚೌಕಾಸಿ ಬೇಡ.

ಕರಾವಳಿ_ಓದುಗ
ಷರತ್ತು ಹಾಕುವ ಪರಿಸ್ಥಿತಿ ಬಂದದ್ದು ಐದು ವರ್ಷ ಹುದ್ದೆ ಖಾಲಿ ಇಟ್ಟದ್ದರಿಂದ ಅಲ್ವಾ?

ಕೆಎಎಸ್_ಓದುಗಿ
ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೊಂದೇ ಅನುಮಾನ. ವಿರೋಧ ಪಕ್ಷದ ನಾಯಕ ಹುದ್ದೆ ಹತ್ತು ವರ್ಷ ಖಾಲಿ ಇದ್ದದ್ದೂ ಇದೇ ಥರವಾ?

ಮಂಡ್ಯದ_ಮೇಷ್ಟ್ರು
ಅದು ಬೇರೆ. ಆ ಹುದ್ದೆ ಸಂವಿಧಾನದಲ್ಲಿ ಇಲ್ಲ, 1977ರ ಕಾಯ್ದೆಯಲ್ಲಿದೆ. ವಿರೋಧ ಪಕ್ಷಗಳಲ್ಲಿ ಅತಿ ದೊಡ್ಡದರ ನಾಯಕರು, ಸ್ಪೀಕರ್ ಮಾನ್ಯತೆ ಕೊಟ್ಟವರು ಅಂತ ಅದರಲ್ಲಿದೆ. ಹತ್ತನೇ ಒಂದು ಭಾಗ ಸೀಟು ಬೇಕು ಅನ್ನುವ ಲೆಕ್ಕ ಕಾಯ್ದೆಯದ್ದಲ್ಲ, ಮಾವಳಂಕರ್ ಕಾಲದ ರೂಢಿ ಮತ್ತು ಸ್ಪೀಕರ್ ನಿರ್ದೇಶನದ್ದು. 543ಕ್ಕೆ 55. ಕಾಂಗ್ರೆಸ್‌ಗೆ 2014ರಲ್ಲಿ 44, 2019ರಲ್ಲಿ 52. ಎರಡು ಸಲವೂ ಮಾನ್ಯತೆ ಸಿಗಲಿಲ್ಲ. 2024ರಲ್ಲಿ 99 ಬಂತು, ರಾಹುಲ್ ಗಾಂಧಿ ನಾಯಕರಾದರು.

ಇದರ ಪರಿಣಾಮ ಸಣ್ಣದಲ್ಲ. 2014ರಿಂದ ನಮ್ಮ ಕಲಬುರಗಿಯ ಖರ್ಗೆಯವರು ಲೋಕಸಭೆಯಲ್ಲಿ ಕಾಂಗ್ರೆಸ್ ನಾಯಕರಾಗಿದ್ದರು, ವಿರೋಧ ಪಕ್ಷದ ನಾಯಕರಲ್ಲ. ಸಿಬಿಐ ನಿರ್ದೇಶಕರ ಆಯ್ಕೆ ಸಮಿತಿಯಲ್ಲಿ ಅತಿ ದೊಡ್ಡ ವಿರೋಧ ಪಕ್ಷದ ನಾಯಕರೂ ಕೂರಬಹುದು ಅಂತ ತಿದ್ದುಪಡಿ ಆಗಿತ್ತು, ಅಲ್ಲಿ ಕೂತರು. ಲೋಕಪಾಲ್ ಕಾಯ್ದೆಗೆ ಆ ತಿದ್ದುಪಡಿ ಆಗಿರಲಿಲ್ಲ. "ವಿಶೇಷ ಆಹ್ವಾನಿತ" ಅಂತ ಕರೆದರು. ಮತ ಹಾಕುವ ಹಕ್ಕಿಲ್ಲದ ಕುರ್ಚಿ ಬೇಡ ಅಂತ ಅವರು ಸಭೆಗೆ ಹೋಗಲಿಲ್ಲ.

ಕೆಎಎಸ್_ಓದುಗಿ
ಹಾಗಾದರೆ ಸರ್, 94ನೇ ವಿಧಿಯಲ್ಲಿ ಸ್ಪೀಕರ್ ರಾಜೀನಾಮೆಯನ್ನು ಉಪ ಸ್ಪೀಕರ್‌ಗೆ ಕೊಡಬೇಕು ಅಂತಿದೆ. ಉಪ ಸ್ಪೀಕರ್ ಇಲ್ಲದಾಗ ಯಾರಿಗೆ ಕೊಡಬೇಕು?

ವಕೀಲ_ಧಾರವಾಡ
ಸರಿಯಾದ ಜಾಗಕ್ಕೇ ಬಂದಿರಿ. ಆ ವಿಧಿಯಲ್ಲಿ ಬೇರೆ ಹೆಸರೇ ಇಲ್ಲ. ಸ್ಪೀಕರ್ ಉಪ ಸ್ಪೀಕರ್‌ಗೆ, ಉಪ ಸ್ಪೀಕರ್ ಸ್ಪೀಕರ್‌ಗೆ, ಇಷ್ಟೇ ಬರೆದಿರುವುದು. ಒಬ್ಬರು ಇರುವಾಗ ಇನ್ನೊಬ್ಬರು ಇದ್ದೇ ಇರುತ್ತಾರೆ ಅಂತ ನಂಬಿಕೊಂಡು ಬರೆದದ್ದು ಅದು. ನಿಮ್ಮ ಉತ್ತರ ಪತ್ರಿಕೆಯಲ್ಲಿ 93, 94, 95 ಮೂರನ್ನೂ ಒಟ್ಟಿಗೆ ಇಟ್ಟು ಬರೆಯಿರಿ. ಜೊತೆಗೆ 7 ಮತ್ತು 8ನೇ ನಿಯಮ.